ನಿದಾನಕ್ಕೆ ನಿಧಾನ ಬೇಕು

ವೈದ್ಯಶಾಸ್ತ್ರದಲ್ಲಿ ‘ನಿದಾನ’ ಎಂಬ ಶಬ್ದಕ್ಕೆ ರೋಗದ ಮೂಲಕಾರಣವೆಂದೂ, ಆ ಕಾರಣವನ್ನು ಗೊತ್ತುಮಾಡುವ ಕ್ರಮವೆಂದೂ ಅರ್ಥವುಂಟು. ನಮ್ಮ ಮನೆಮಾತಿನ ‘ನಿಧಾನ’ಕ್ಕಾದರೋ ಆತುರವಿಲ್ಲದಿರುವಿಕೆ ಎಂದರ್ಥ. ಒಂದು ಅಲ್ಪಪ್ರಾಣ, ಇನ್ನೊಂದು ಮಹಾಪ್ರಾಣ. ಮೂವತ್ತಕ್ಕೂ ಹೆಚ್ಚು ವರ್ಷಕಾಲ ಹುಡುಗರ ಬರವಣಿಗೆಯಲ್ಲಿ ಈ ಎರಡನ್ನೂ ಕೆಂಪು ಮಸಿಯಿಂದ ಬೇರ್ಪಡಿಸುತ್ತ ಬಂದೆವು. ಈಗ ವಿಶ್ರಾಂತಿಯ ಕಾಲದಲ್ಲಿ, ಇವೆರಡೂ ಜೊತೆಯಲ್ಲಿಯೇ ಇರತಕ್ಕ ಒಂದು ಸ್ಥಳವನ್ನು ಕಂಡಿದ್ದೇವೆ. ಅದು ಹಳೆಯ ಮೋಟಾರಿನ ಮುಂಭಾಗದ ಮುಚ್ಚಳದ ಕೆಳಗೆ.

ಬಾವಿ, ಒಲೆ, ಮಾಡಿನ ಹೆಂಚು, ಮಕ್ಕಳ ಕಾಗುಣಿತ ಇವುಗಳ ಮಾತನ್ನೇ ಈ ಪುಟದಲ್ಲಿ ಓದಿ ಅಭ್ಯಾಸವಾದ ವಾಚಕರಿಗೆ ಮೋಟಾರಿನ ಪ್ರಸ್ತಾಪವು ಹೊಸತಾಗಿ ತೋರಬಹುದು. ಆದರೆ ಶಿವಮೊಗ್ಗ ಭದ್ರಾವತಿಗಳ ಅನೇಕ ಮನೆಗಳಲ್ಲಿ ಹಳೆಯ ಕಾರು ಕುಟುಂಬದ ಹಿರಿಯರಲ್ಲಿ ಒಬ್ಬರಂತೆ ಉಳಿದಿದೆ. ಪ್ರೀಮಿಯರ್ ಪದ್ಮಿನಿ ಕೆಲವೆಡೆ, 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರ್ ಕೆಲವೆಡೆ, 1983ರಲ್ಲಿ ಹುಟ್ಟಿ ಅದೇ 2014ರಲ್ಲಿ ನಿಂತ ಮಾರುತಿ 800 ಮತ್ತೂ ಹಲವೆಡೆ. ತಂದೆಯ ಕಾಲದ್ದೆಂಬ ಅಭಿಮಾನದಿಂದ ಇಟ್ಟುಕೊಂಡವರು ಸ್ವಲ್ಪ ಮಂದಿ. ಹೊಸದನ್ನು ಕೊಳ್ಳುವ ಅನುಕೂಲವಿಲ್ಲದೆ ಇಟ್ಟುಕೊಂಡವರೇ ಬಹಳ. ಇಂಥ ಗೃಹಸ್ಥರಿಗೆ ಗ್ಯಾರೇಜಿನಲ್ಲಿ “ಪಂಪ್ ಹೋಗಿದೆ, ಬದಲಾಯಿಸಬೇಕು” ಎಂಬ ಒಂದು ಮಾತು ತಿಂಗಳ ಲೆಕ್ಕವನ್ನೇ ತಲೆಕೆಳಗು ಮಾಡಬಲ್ಲುದು. ಮಾತು ನಿಜವಾಗಿದ್ದರೆ ಚಿಂತೆಯಿಲ್ಲ. ನಿಜವೋ ಅಲ್ಲವೋ ಎಂಬುದನ್ನು ಒಡೆಯನು ತಾನೇ ತಿಳಿಯುವ ದಾರಿಯೊಂದಿದೆ; ಅದಕ್ಕೆ ಯಂತ್ರಶಾಸ್ತ್ರದ ಪಾಂಡಿತ್ಯ ಬೇಡ.

ಮೊದಲು ಹೆಸರಿನ ವಿಚಾರ. ಕೆಲವು ಪ್ರಾಂತಗಳಲ್ಲಿ ಪೆಟ್ರೋಲು ಮಾರುವ ಅಂಗಡಿಯನ್ನೇ ಪಂಪು ಎನ್ನುತ್ತಾರೆ. ನಮ್ಮಲ್ಲಿ ಅದು ‘ಬಂಕು’. ನಾವು ಹೇಳುತ್ತಿರುವುದು ಟ್ಯಾಂಕಿನ ಪೆಟ್ರೋಲನ್ನು ಎಂಜಿನ್ನಿಗೆ ಮುಟ್ಟಿಸುವ ಚಿಕ್ಕ ಯಂತ್ರದ ಮಾತು. ಹಳೆಯ ಮೆಕ್ಯಾನಿಕ್ಕುಗಳು ಇದನ್ನು ‘ಎ.ಸಿ. ಪಂಪು’ ಎಂದು ಕರೆಯುವರು. ಇದನ್ನು ಕೇಳಿ “ನಮ್ಮ ಕಾರಿನಲ್ಲಿ ತಂಪುಗಾಳಿಯ ಯಂತ್ರವೇ ಇಲ್ಲವಲ್ಲ!” ಎಂದು ಬೆರಗಾದವರನ್ನು ನಾವು ಬಲ್ಲೆವು. ಈ ಎರಡಕ್ಷರ ಬಂದಿರುವುದು ಆಲ್ಬರ್ಟ್ ಚಾಂಪಿಯನ್ ಎಂಬಾತನ ಹೆಸರಿನ ಆದ್ಯಕ್ಷರಗಳಿಂದ. ಆತನ ಸಂಸ್ಥೆಯ ಗುರುತು ಹೊತ್ತ ಪಂಪುಗಳು ಲೋಕವನ್ನೆಲ್ಲ ವ್ಯಾಪಿಸಿ, ಹೆಸರು ಇಲ್ಲಿಯವರೆಗೂ ಬಂದು ನಿಂತಿತು.

ಆರಂಭದ ಮೋಟಾರುಗಳಿಗೆ ಪಂಪೇ ಇರಲಿಲ್ಲ. ಅಮೆರಿಕದ ಫೋರ್ಡ್ ಕಂಪನಿಯ ‘ಟಿ’ ಮಾದರಿಯ ಗಾಡಿಯಲ್ಲಿ ಪೆಟ್ರೋಲಿನ ಟ್ಯಾಂಕು ಆಸನದ ಕೆಳಗಿದ್ದು, ಎಣ್ಣೆಯು ತನ್ನ ಭಾರದಿಂದಲೇ ಎಂಜಿನ್ನಿಗೆ ಇಳಿಯುತ್ತಿತ್ತು. ಕಡಿದಾದ ದಿಣ್ಣೆಯಲ್ಲಿ ಗಾಡಿಯ ಮೂತಿ ಮೇಲಾದರೆ ಎಂಜಿನ್ನು ಟ್ಯಾಂಕಿಗಿಂತ ಎತ್ತರವಾಗಿ ಎಣ್ಣೆ ನಿಂತುಹೋಗುವುದು. ಆಗ ಸವಾರರು ಗಾಡಿಯನ್ನು ಹಿಂದುಮುಂದಾಗಿ ತಿರುಗಿಸಿ, ಹಿಮ್ಮುಖವಾಗಿ ದಿಣ್ಣೆ ಹತ್ತಿಸುತ್ತಿದ್ದರಂತೆ. ನಮ್ಮ ಆಗುಂಬೆಯ ಘಟ್ಟದಲ್ಲಿ ಹದಿನಾಲ್ಕು ತಿರುವುಗಳನ್ನೂ ಬೆನ್ನು ಮುಂದಾಗಿ ಹತ್ತುವ ಅವಸ್ಥೆಯನ್ನು ವಾಚಕರು ಊಹಿಸಿಕೊಳ್ಳಲಿ! ಟ್ಯಾಂಕನ್ನು ಹಿಂಬದಿಯಲ್ಲಿ ಕೆಳಗಿಟ್ಟು ಎಂಜಿನ್ನನ್ನು ಮುಂದಿಟ್ಟ ಮೇಲೆ, ನಡುವೆ ಎತ್ತಿ ಕೊಡುವವನೊಬ್ಬನು ಬೇಕಾಯಿತು. ಅವನೇ ಈ ಪಂಪು.

ಅದರೊಳಗಿನ ವ್ಯವಸ್ಥೆ ಬಹಳ ಸರಳವಾದದ್ದು. ಎಂಜಿನ್ನಿನ ಒಳಗೆ ಸುತ್ತುವ ಒಂದು ಉಬ್ಬು ಪಂಪಿನ ಸನ್ನೆಯನ್ನು ತಳ್ಳುತ್ತದೆ. ಸನ್ನೆಯು ಡಯಾಫ್ರಮ್ ಎಂಬ ರಬ್ಬರು ಬಟ್ಟೆಯ ಪೊರೆಯನ್ನು ಕೆಳಕ್ಕೆ ಎಳೆಯುತ್ತದೆ. ಪೊರೆಯ ಮೇಲೆ ಉಂಟಾದ ತೆರಪಿಗೆ ಪೆಟ್ರೋಲು ಒಂದು ಬಾಗಿಲಿನಿಂದ ಬರುತ್ತದೆ. ಕೆಳಗಿನ ಸ್ಪ್ರಿಂಗು ಪೊರೆಯನ್ನು ಮೇಲಕ್ಕೆ ನೂಕಿದಾಗ ಇನ್ನೊಂದು ಬಾಗಿಲಿನಿಂದ ಕಾರ್ಬುರೇಟರಿಗೆ ಹೋಗುತ್ತದೆ. ಎಂಜಿನ್ನು ಎರಡು ಸುತ್ತು ತಿರುಗಿದರೆ ಪಂಪಿನದು ಒಂದು ಮಿಡಿತ. ಕಾರ್ಬುರೇಟರಿನ ಬಟ್ಟಲು ತುಂಬಿದಾಗ ಅದರ ಸೂಜಿ ದಾರಿಯನ್ನು ಮುಚ್ಚುವುದು. ಪೊರೆ ಕೆಳಗೇ ನಿಂತು, ಸನ್ನೆ ಮಾತ್ರ ಬರಿದೆ ಆಡುತ್ತಿರುವುದು. ಇದರಲ್ಲಿ ಕೆಡತಕ್ಕದ್ದು ಮುಖ್ಯವಾಗಿ ನಾಲ್ಕು: ಪೊರೆ, ಎರಡು ಬಾಗಿಲು, ಸ್ಪ್ರಿಂಗು, ಸವೆದ ಸನ್ನೆ. ಇಷ್ಟು ಚಿಕ್ಕ ಸಂಸಾರದಲ್ಲಿ ಇಷ್ಟೊಂದು ಅಪವಾದ ಹೊತ್ತ ಯಂತ್ರ ಇನ್ನೊಂದಿಲ್ಲ.

ಅಪವಾದವೆಂದೆವು, ಕಾರಣವನ್ನು ಹೇಳುತ್ತೇವೆ. ರೋಗವನ್ನು ತಿಳಿಯಲು ಆಯುರ್ವೇದದವರು ಐದು ಸಾಧನಗಳನ್ನು ಹೇಳಿದ್ದಾರೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಇವುಗಳಲ್ಲಿ ‘ರೂಪ’ವೆಂದರೆ ಕಣ್ಣಿಗೆ ಕಾಣುವ ಲಕ್ಷಣ. ಪಂಪು ದುರ್ಬಲವಾದಾಗ ಕಾಣುವ ಲಕ್ಷಣಗಳು ಎಲ್ಲರಿಗೂ ಗೊತ್ತಿರುವವೇ. ಬೆಳಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಗಾಡಿ ಹೊರಡುವುದು. ಊರೊಳಗೆ ಚೆನ್ನಾಗಿ ಓಡಿ, ಹೆದ್ದಾರಿಯಲ್ಲಿ ವೇಗ ಹೆಚ್ಚಿಸಿದೊಡನೆ ತಡವರಿಸುವುದು. ಏರಿನಲ್ಲಿ ಮುಗ್ಗರಿಸಿ ಉಸಿರು ಬಿಡುವುದು. ನಿಂತುಹೋಗಿ, ಹತ್ತು ನಿಮಿಷ ಕಳೆದ ಮೇಲೆ ಏನೂ ಆಗದಂತೆ ಮತ್ತೆ ಹೊರಡುವುದು. ಇವುಗಳನ್ನು ಕೇಳಿದ ಮಾತ್ರಕ್ಕೆ “ಪಂಪು” ಎನ್ನುವರು.

ಆದರೆ ಇವುಗಳಲ್ಲಿ ಒಂದಾದರೂ ಪಂಪಿಗೆ ಮಾತ್ರ ಸೇರಿದ್ದಲ್ಲ. ಕಸ ಕಟ್ಟಿದ ಫಿಲ್ಟರೂ ಹೀಗೆಯೇ ಮಾಡುವುದು. ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರು ಕೊಳವೆ ಬಿರುಕುಬಿಟ್ಟಿದ್ದರೂ ಹೀಗೆಯೇ. ಆ ಬಿರುಕಿನಿಂದ ಪೆಟ್ರೋಲು ಹೊರಗೆ ತೊಟ್ಟಿಕ್ಕುವುದಕ್ಕೆ ಬದಲಾಗಿ ಗಾಳಿಯೇ ಒಳಗೆ ಹೋಗುವುದರಿಂದ ಅದು ಕಣ್ಣಿಗೆ ಬೀಳುವುದೂ ಇಲ್ಲ. ಬಿಸಿಯಾದಾಗ ಕೈಕೊಡುವ ಇಗ್ನಿಷನ್ ಕಾಯಿಲು ಪೆಟ್ರೋಲಿಗೆ ಸಂಬಂಧವೇ ಇಲ್ಲದ ವಸ್ತು; ಅದೂ ಗಾಡಿಯನ್ನು ನಿಲ್ಲಿಸಿ, ತಣ್ಣಗಾದ ಮೇಲೆ ಬಿಡುವುದು. ಏಪ್ರಿಲಿನ ಬಿಸಿಲಿನಲ್ಲಿ ಸೋಮೇಶ್ವರದಿಂದ ಆಗುಂಬೆಗೆ ಕೆಳಗಿನ ಗೇರಿನಲ್ಲಿ ಏರುತ್ತಿರುವಾಗ, ಎಂಜಿನ್ನಿನ ಕಾವಿಗೆ ಕೊಳವೆಯಲ್ಲಿಯೇ ಪೆಟ್ರೋಲು ಆವಿಯಾಗಿ, ಪಂಪು ಆವಿಯನ್ನು ಹಿಂಡುತ್ತ ಎಣ್ಣೆಯನ್ನು ಕೊಡಲಾರದೆ ಹೋಗುವುದೂ ಉಂಟು. ಪಂಪು ಆಗ ಆರೋಗ್ಯವಾಗಿಯೇ ಇರುತ್ತದೆ.

ತರ್ಕಶಾಸ್ತ್ರವನ್ನು ಓದಿದವರು ಇದನ್ನು ಕೂಡಲೆ ಗುರುತಿಸುವರು. ಸಾಧ್ಯವಿರುವಲ್ಲಿಯೂ ಇಲ್ಲದಲ್ಲಿಯೂ ಸಮನಾಗಿ ಇರುವ ಹೇತುವನ್ನು ‘ಸವ್ಯಭಿಚಾರ’ವೆನ್ನುತ್ತಾರೆ, ಅದು ಹೇತುವಲ್ಲ, ಹೇತ್ವಾಭಾಸ. “ಸ್ವಲ್ಪ ಹೊತ್ತು ಬಿಟ್ಟರೆ ಗಾಡಿ ಹೊರಡುತ್ತದೆ, ಆದ್ದರಿಂದ ಪಂಪು ಕೆಟ್ಟಿದೆ” ಎಂಬುದು ಇದಕ್ಕೆ ಒಳ್ಳೆಯ ಉದಾಹರಣೆ. ವಿಶ್ರಾಂತಿಯಿಂದ ಗುಣವಾಗುವ ರೋಗಗಳು ಮನುಷ್ಯನಿಗೆ ನೂರಿದ್ದರೆ ಮೋಟಾರಿಗೆ ಆರಾದರೂ ಇವೆ. ಹಾಗಾದರೆ ಗೊತ್ತುಮಾಡುವುದು ಹೇಗೆ? ಲಕ್ಷಣಗಳು ಗೂಢವಾಗಿರುವ ವ್ಯಾಧಿಯನ್ನು ಉಪಶಯದಿಂದ, ಅಂದರೆ ಯಾವುದನ್ನು ಮಾಡಿದರೆ ಉಪಶಮನವಾಗುತ್ತದೆ ಎಂಬುದರಿಂದ ಪರೀಕ್ಷಿಸಬೇಕೆಂದು ಚರಕಸಂಹಿತೆಯು ವಿಧಿಸುತ್ತದೆ. ನಿಂತ ಗಾಡಿಯಲ್ಲಿ ಪಂಪಿನ ಮೇಲೂ ಅದರ ಕೊಳವೆಯ ಮೇಲೂ ಮಾತ್ರ ಒದ್ದೆ ಬಟ್ಟೆ ಹಾಕಿ. ಎರಡು ಮೂರು ನಿಮಿಷದಲ್ಲಿಯೇ ಹೊರಟರೆ ಆವಿಯ ಮೇಲೆ ಸಂದೇಹ ಪಡಬೇಕು. ಇನ್ನೊಂದು ಸಲ ನಿಂತಾಗ ಪಂಪನ್ನು ಬಿಟ್ಟು ಕಾಯಿಲನ್ನು ಮಾತ್ರ ತಣಿಸಿ. ಅದರಿಂದ ಹೊರಟರೆ ಕಾಯಿಲಿನ ಮೇಲೆ. ಹತ್ತು ನಿಮಿಷದ ವಿಶ್ರಾಂತಿ ಎಲ್ಲವನ್ನೂ ತಣಿಸುವುದರಿಂದ ಏನನ್ನೂ ಹೇಳುವುದಿಲ್ಲ. ಒಂದೊಂದನ್ನೇ ತಣಿಸಿದರೆ ಒಂದೊಂದೂ ತನ್ನ ಸಾಕ್ಷಿ ಹೇಳುವುದು.

ಇನ್ನು ಈಚೆಗೆ ನಮ್ಮ ತಿಳಿವಿಗೆ ಬಂದ ಒಂದು ಪ್ರಸಂಗ. ಭದ್ರಾವತಿಯ ನ್ಯೂಟೌನಿನಲ್ಲಿ ನಮ್ಮ ಹಳೆಯ ಪರಿಚಿತರೊಬ್ಬರಿದ್ದಾರೆ. ಕಾರ್ಖಾನೆಯ ಕೆಲಸದಿಂದ ನಿವೃತ್ತರಾದವರು. ಅವರ ಪತ್ನಿಗೆ ಮೂತ್ರಪಿಂಡದ ವ್ಯಾಧಿ. ವಾರಕ್ಕೆ ಎರಡು ಸಲ ಡಯಾಲಿಸಿಸ್ಸಿಗಾಗಿ ಶಿವಮೊಗ್ಗಕ್ಕೆ ಬರಬೇಕು. ದೂರ ಇಪ್ಪತ್ತು ಕಿಲೋಮೀಟರಿನೊಳಗೇ. ಬಸ್ಸಿಗೇನೂ ಕೊರತೆಯಿಲ್ಲ, ಆದರೆ ಚಿಕಿತ್ಸೆ ಮುಗಿಸಿ ಹೊರಬಂದ ಶರೀರಕ್ಕೆ ಬಸ್ಸಿನ ಮೆಟ್ಟಿಲು ಹತ್ತುವುದೇ ಒಂದು ಪರ್ವತಾರೋಹಣ. ಆದ್ದರಿಂದ ಮನೆಯ ಹಳೆಯ ಪದ್ಮಿನಿಯೇ ಅವರಿಗೆ ಗತಿ. ಆ ಪದ್ಮಿನಿಯು ಮಾಚೇನಹಳ್ಳಿಯನ್ನು ದಾಟಿ ನಿದಿಗೆಯ ಸಮೀಪಕ್ಕೆ ಬರುವಷ್ಟರಲ್ಲಿ ನಿಲ್ಲತೊಡಗಿತು. ಒಂದು ದಿನವಲ್ಲ, ಹೊರಟಾಗಲೆಲ್ಲ. ಹೋಗುವಾಗ ನಿಂತರೆ ಆಸ್ಪತ್ರೆಯಲ್ಲಿ ಗೊತ್ತಾದ ವೇಳೆ ತಪ್ಪುವುದು. ಬರುವಾಗ ನಿಂತರೆ ಆಕೆಯು ರಸ್ತೆಯ ಬದಿಯ ಮರದ ಕೆಳಗೆ ಸೆರಗು ಹಾಸಿ ಮಲಗುವುದು.

ಒಂದು ಗ್ಯಾರೇಜಿನಲ್ಲಿ ಪಂಪು ಬದಲಾಯಿಸಿದರು. ಗಾಡಿಯನ್ನು ಊರೊಳಗೆ ಎರಡು ಸುತ್ತು ಓಡಿಸಿ, “ಸರಿಯಾಯಿತು, ಯಜಮಾನರೇ” ಎಂದು ಕೀಲಿಕೈ ಕೊಟ್ಟರು. ಮರುದಿನ ಅದೇ ನಿದಿಗೆಯ ಬಳಿ ಅದೇ ಕಥೆ. ಇನ್ನೊಂದು ಊರಿನ ಇನ್ನೊಂದು ಗ್ಯಾರೇಜಿನಲ್ಲಿ, ಮೊದಲು ಹಾಕಿದ ಪಂಪು ಕಳಪೆಯೆಂದು ಮತ್ತೊಂದನ್ನು ಹಾಕಿದರು, ಕಾರ್ಬುರೇಟರನ್ನು ಬಿಚ್ಚಿ ತೊಳೆದರು, ಕಾಯಿಲನ್ನೂ ಬದಲಾಯಿಸಿದರು. ಎರಡು ತಿಂಗಳು ಕಳೆಯಿತು. ಔಷಧಕ್ಕೆಂದು ತೆಗೆದಿಟ್ಟ ಹಣದಲ್ಲಿ ಒಂದು ಭಾಗ ಗಾಡಿಗೆ ಹೋಯಿತು. ಯಾರೂ ಮೋಸ ಮಾಡಿದರೆಂದು ನಾವು ಹೇಳುತ್ತಿಲ್ಲ. ಅವರವರ ಪರೀಕ್ಷೆಯಲ್ಲಿ ಗಾಡಿ ಪ್ರತಿಸಲವೂ ತೇರ್ಗಡೆಯಾಗಿತ್ತು. ಹತ್ತು ಕಿಲೋಮೀಟರು ಓಡಿದ ಮೇಲೆ ಕಾಣಿಸಿಕೊಳ್ಳುವ ರೋಗವನ್ನು ಎರಡು ಕಿಲೋಮೀಟರು ಓಡಿಸಿ ಪರೀಕ್ಷಿಸಿದರೆ ಬೇರೆ ಫಲ ಹೇಗೆ ಬಂದೀತು?

ನಾವು ಅವರ ಮನೆಗೆ ಹೋಗಿದ್ದ ದಿನ ಇದೇ ಮಾತು ನಡೆಯುತ್ತಿದ್ದಾಗ, ಒಳಗೆ ಮಂಚದ ಮೇಲೆ ಒರಗಿದ್ದ ಆಕೆಯು ಗಂಡನಿಗೆ ಹೇಳಿದರು: “ಅಲ್ಲಾ ರೀ, ಬಂಕಿನಲ್ಲಿ ಪೆಟ್ರೋಲು ಹಾಕಿಸುವಾಗ ಆ ಮುಚ್ಚಳ ತಿರುಗಿಸಿದರೆ ಯಾರೋ ನಿಟ್ಟುಸಿರು ಬಿಟ್ಟ ಹಾಗೆ ಸುಯ್ ಎನ್ನುತ್ತದಲ್ಲ, ಮೊದಲು ಹಾಗೆ ಎನ್ನುತ್ತಿರಲಿಲ್ಲ.” ಪರಿಚಿತರು “ನಿನಗೇನು ಗೊತ್ತೇ, ಸುಮ್ಮನಿರು” ಎಂದರು. ನಾವು ಮಾತ್ರ, “ಯಾವಾಗಿನಿಂದ ಹೀಗೆನ್ನುತ್ತಿದೆ, ತಾಯಿ?” ಎಂದು ಕೇಳಿದೆವು. “ಹಬ್ಬದಲ್ಲಿ ತಮ್ಮನ ಮನೆಗೆ ಹೋಗಿದ್ದೆವಲ್ಲ ಮೇಷ್ಟ್ರೇ, ಆಗ ಬಂಕಿನಲ್ಲಿ ಮುಚ್ಚಳ ಕಳೆದುಹೋಗಿ ಹೊಸದು ಹಾಕಿಸಿದರು. ಅಲ್ಲಿಂದೀಚೆಗೆ” ಎಂದರು. ಗಾಡಿ ನಿಲ್ಲತೊಡಗಿದ್ದೂ ಅಲ್ಲಿಂದೀಚೆಗೇ.

ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆಯು ಗುಳುಕ್ ಗುಳುಕ್ ಎಂದು ತಡೆದು ತಡೆದು ಬೀಳುವುದನ್ನೂ, ಎದುರು ಮೂಲೆಯಲ್ಲಿ ಇನ್ನೊಂದು ಸಣ್ಣ ತೂತು ಮಾಡಿದೊಡನೆ ಸಲೀಸಾಗಿ ಇಳಿಯುವುದನ್ನೂ ಗೃಹಿಣಿಯರೆಲ್ಲರೂ ಬಲ್ಲರು. ಟ್ಯಾಂಕಿನಲ್ಲಿಯೂ ಅದೇ ನ್ಯಾಯ. ಪಂಪು ಪೆಟ್ರೋಲನ್ನು ‘ಎಳೆಯುತ್ತದೆ’ ಎಂದು ನಾವು ಹೇಳುವುದು ಲೋಕರೂಢಿ. ವಾಸ್ತವದಲ್ಲಿ ಪಂಪು ತೆರಪನ್ನು ಮಾತ್ರ ಮಾಡುತ್ತದೆ. ಟ್ಯಾಂಕಿನೊಳಗಿನ ಗಾಳಿಯ ಒತ್ತಡವೇ ಪೆಟ್ರೋಲನ್ನು ಆ ಕಡೆಗೆ ತಳ್ಳುವುದು. ಖರ್ಚಾದ ಪೆಟ್ರೋಲಿನ ಜಾಗಕ್ಕೆ ಹೊರಗಿನ ಗಾಳಿ ಬರುವುದಕ್ಕೆಂದು ಈ ಬಗೆಯ ಹಳೆಯ ಗಾಡಿಗಳ ಮುಚ್ಚಳದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದೊಂದು ರಂಧ್ರವನ್ನು ಬಿಟ್ಟಿರುತ್ತಾರೆ. ಹೊಸ ಮುಚ್ಚಳವು ಅಳತೆಗೆ ಸರಿಹೊಂದಿತ್ತು, ಥಳಥಳಿಸುತ್ತಿತ್ತು. ರಂಧ್ರ ಮಾತ್ರ ಇರಲಿಲ್ಲ. ಹತ್ತು ಕಿಲೋಮೀಟರು ಓಡುವಷ್ಟರಲ್ಲಿ ಟ್ಯಾಂಕಿನೊಳಗೆ ಗಾಳಿ ತೆಳುವಾಗಿ, ಎಷ್ಟು ಬಲವಾದ ಪಂಪಿಗೂ ಎಣ್ಣೆ ಬಾರದಂತಾಗುತ್ತಿತ್ತು. ನಿಂತ ಮೇಲೆ ಸಂದುಗಳಿಂದ ಗಾಳಿ ಮೆಲ್ಲಗೆ ಸೋರಿ ಒಳಹೋಗಿ ಗಾಡಿ ಮತ್ತೆ ಹೊರಡುತ್ತಿತ್ತು.

ಆದರೂ ಇಷ್ಟಕ್ಕೇ ತೀರ್ಪು ಕೊಡಬಾರದಷ್ಟೆ. ಮರುದಿನ ನಿದಿಗೆಯ ಬಳಿ ಗಾಡಿ ನಿಂತಾಗ ಬೇರೇನನ್ನೂ ಮುಟ್ಟದೆ ಮುಚ್ಚಳವನ್ನು ತಿರುಗಿಸಿ ತೆಗೆದರು. ಸುಯ್ ಎಂದಿತು. ಮುಚ್ಚಿ, ಕೀಲಿ ತಿರುಗಿಸಿದರೆ ಕೂಡಲೆ ಹೊರಟಿತು, ವಿಶ್ರಾಂತಿಯಿಲ್ಲದೆ. ಅದೇ ಮುಚ್ಚಳದಿಂದ ಮತ್ತಷ್ಟು ದೂರ ಹೋದ ಮೇಲೆ ಮತ್ತೆ ನಿಂತಿತು. ತೆಗೆದರೆ ಮತ್ತೆ ಹೊರಟಿತು. ರಂಧ್ರವಿರುವ ಮುಚ್ಚಳವನ್ನು ಹಾಕಿದ ಮೇಲೆ ನಿಲ್ಲಲಿಲ್ಲ. ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದನ್ನೇ ನಮ್ಮ ಹಿಂದಿನವರು ಅನ್ವಯ ವ್ಯತಿರೇಕವೆಂದದ್ದು. ಆಕೆಯು ಈಗ ಗಾಡಿಯ ಹಿಂದಿನ ಆಸನದಲ್ಲಿ ನಿದ್ದೆ ಮಾಡುತ್ತ ಊರು ಸೇರುವರು.

ಹಾಗೆಂದು ಪಂಪು ಯಾವಾಗಲೂ ನಿರಪರಾಧಿಯೆಂದು ತಿಳಿಯಬಾರದು. ಅದನ್ನು ನೇರವಾಗಿ ಪರೀಕ್ಷಿಸುವ ಕ್ರಮವನ್ನು ಹೇಳುವೆವು. ಅದಕ್ಕೆ ಮೊದಲು ಎಚ್ಚರಿಕೆಯ ಮಾತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು. ನೆಲದ ಮೇಲೆ ಹರಿದು, ತಗ್ಗಿನಲ್ಲಿ ನಿಂತು, ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುವುದು. ಆದ್ದರಿಂದ ಈ ಕೆಲಸ ಬಯಲಿನಲ್ಲಿ, ಎಂಜಿನ್ನು ತಣ್ಣಗಿರುವಾಗ ಆಗಬೇಕು. ಬೀಡಿ ಸಿಗರೇಟು ಸಮೀಪದಲ್ಲಿರಕೂಡದು. ದೇವರ ದೀಪವೂ ಅಡಿಗೆಯ ಒಲೆಯೂ ಇರುವ ಮನೆಯ ಬಾಗಿಲಿನ ಬಳಿಯೂ ಕೂಡದು. ಬೆಂಕಿಯಾರಿಸುವ ಸಾಧನ, ಇಲ್ಲವಾದರೆ ಒಂದು ಬಕೆಟ್ಟು ಒಣಮರಳು ಹತ್ತಿರವಿರಲಿ. ಕೊಳವೆಯನ್ನು ಬಾಯಲ್ಲಿಟ್ಟು ಪೆಟ್ರೋಲು ಸೆಳೆಯುವ ಅಭ್ಯಾಸ ಮಹಾ ಅಪಾಯ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಂತಿಕವಾಗಬಹುದು. ಹಾಗೇನಾದರೂ ಆದಲ್ಲಿ ವಾಂತಿ ಮಾಡಿಸದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ತಾಯಂದಿರಿಗೆ ಇನ್ನೊಂದು ಮಾತು: ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ತುಂಬಿಡಲು ಮನೆಯ ಗಂಡಸರಿಗೆ ಎಂದಿಗೂ ಬಿಡಬೇಡಿ. ಬಾಯಾರಿ ಬಂದ ಮಗುವಿಗೆ ಬಾಟಲಿಯ ಗುರುತಿರುವುದೇ ಹೊರತು ವಾಸನೆಯ ವಿವೇಕವಿರುವುದಿಲ್ಲ.

ಗಾಡಿ ನಿಂತಾಗ ಮೊದಲನೆಯ ಪ್ರಶ್ನೆ, ಕೊರತೆ ಪೆಟ್ರೋಲಿನದೋ ಕಿಡಿಯದೋ ಎಂಬುದು. ಎಂಜಿನ್ನು ಆರಿಸಿ, ಕಾರ್ಬುರೇಟರಿನ ಮೇಲಿನ ಏರ್ ಫಿಲ್ಟರನ್ನು ತೆಗೆದು, ಒಬ್ಬರು ಆಕ್ಸಿಲರೇಟರನ್ನು ಒತ್ತಿದರೆ ಒಳಗಿನ ಸಣ್ಣ ಜೆಟ್ಟಿನಿಂದ ಪೆಟ್ರೋಲು ಚಿಮ್ಮುವುದು ಕಾಣಬೇಕು. ಚಿಮ್ಮಿದರೆ ಬಟ್ಟಲಿನಲ್ಲಿ ಎಣ್ಣೆಯಿದೆ. ಪಂಪನ್ನು ಬಿಟ್ಟು ಕಿಡಿಯ ಕಡೆ ನೋಡತಕ್ಕದ್ದು. ಚಿಮ್ಮದಿದ್ದರೆ ಮುಂದಿನ ಪರೀಕ್ಷೆ. ಕಾಯಿಲಿಗೆ ಕೀಲಿಯ ಕಡೆಯಿಂದ ಬರುವ ತಂತಿಯನ್ನು ಕಳಚಿ ಅದರ ತುದಿಗೆ ಟೇಪು ಸುತ್ತಿ, ಕಿಡಿ ಹುಟ್ಟದಂತೆ ಮಾಡಿ. ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಕೊಳವೆಯನ್ನು ಬಿಡಿಸಿ ಅದರ ತುದಿಯನ್ನು ಪೆಟ್ರೋಲಿಗೆ ತಕ್ಕ ಒಂದು ಡಬ್ಬದೊಳಗಿಡಿ. ಇನ್ನೊಬ್ಬರು ಸೆಲ್ಫ್ ಹೊಡೆದರೆ, ಹಸುವಿನ ಕೆಚ್ಚಲಿನಿಂದ ಹಾಲು ಬೀಳುವಂತೆ, ಬಿಟ್ಟುಬಿಟ್ಟು ರಭಸದಿಂದ ಬೀಳಬೇಕು. ತೊಟ್ಟು ತೊಟ್ಟಾಗಿ ಬಿದ್ದರೆ, ಇಲ್ಲವೆ ಗುಳ್ಳೆಗಳೇ ಹೆಚ್ಚಾಗಿದ್ದರೆ ರೋಗವು ಪಂಪಿನಲ್ಲಿರಬಹುದು, ಅದರ ಹಿಂದೆಯೂ ಇರಬಹುದು. ಎರಡನ್ನೂ ಬೇರ್ಪಡಿಸುವುದು ಸುಲಭ: ಟ್ಯಾಂಕಿನಿಂದ ಬರುವ ಕೊಳವೆಯನ್ನು ಪಂಪಿನಿಂದ ಬಿಡಿಸಿ, ಅದರ ಬದಲಿಗೆ ಒಂದು ಹೊಸ ತುಂಡು ಕೊಳವೆಯನ್ನು ಹಾಕಿ, ತುದಿಯನ್ನು ಶುದ್ಧ ಪೆಟ್ರೋಲಿನ ಡಬ್ಬದಲ್ಲಿ ಅದ್ದಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ. ಈಗ ರಭಸ ಬಂದರೆ ಪಂಪು ಸರಿಯಿದೆ. ಟ್ಯಾಂಕು, ಮುಚ್ಚಳ, ಫಿಲ್ಟರು, ಕೊಳವೆ ಇವುಗಳಲ್ಲಿ ಹುಡುಕಬೇಕು. ಈಗಲೂ ಬಾರದಿದ್ದರೆ ಮಾತ್ರ ಪಂಪು ಅಪರಾಧಿ. ಇದಕ್ಕೆ ಕಾಲು ಗಂಟೆ ಸಾಕು, ಖರ್ಚು ಒಂದು ಮೊಳ ರಬ್ಬರು ಕೊಳವೆಯದು. ಕೈ ಅಭ್ಯಾಸವಿಲ್ಲದವರು ತಾವೇ ಮಾಡಬೇಕೆಂದಿಲ್ಲ. ಗ್ಯಾರೇಜಿನಲ್ಲಿ ಎದುರಿಗೆ ನಿಂತು ಮಾಡಿಸಿದರಾಯಿತು.

ಪಂಪಿನ ರೋಗಗಳಲ್ಲಿ ಉಪೇಕ್ಷಿಸಲೇಬಾರದ್ದು ಒಂದಿದೆ. ಪೊರೆಯು ಹರಿದರೆ ಪೆಟ್ರೋಲು ಪಂಪಿನ ಬುಡದ ಚಿಕ್ಕ ತೂತಿನಿಂದ ಹೊರಗೆ ತೊಟ್ಟಿಕ್ಕುವುದು. ಅದು ಬೆಂಕಿಯ ಭಯ. ಹೊರಗೆ ಬಾರದೆ ಸನ್ನೆಯ ದಾರಿಯಿಂದ ಎಂಜಿನ್ನಿನ ಒಳಕ್ಕೆ ಇಳಿದರೆ, ಕೆಳಗಿನ ಎಂಜಿನ್ ಆಯಿಲಿನೊಡನೆ ಬೆರೆತು ಅದನ್ನು ನೀರು ಮಾಡುವುದು. ಬೇರಿಂಗುಗಳು ಸವೆದು ಎಂಜಿನ್ನೇ ಹಾಳಾಗುವುದು. ಪಂಪಿನ ಬೆಲೆಯೆಲ್ಲಿ, ಎಂಜಿನ್ನಿನ ಬೆಲೆಯೆಲ್ಲಿ! ಇದರ ಪೂರ್ವರೂಪವನ್ನು ಮನೆಯ ಯಾರಾದರೂ ಕಾಣಬಹುದು. ವಾರಕ್ಕೊಮ್ಮೆ ಆಯಿಲಿನ ಅಳತೆಕಡ್ಡಿಯನ್ನು ಎಳೆದು ನೋಡಿ. ಹಾಕದೆ ಇದ್ದರೂ ಆಯಿಲಿನ ಮಟ್ಟ ಏರಿದ್ದರೆ, ಮೂಸಿದಾಗ ಪೆಟ್ರೋಲಿನ ವಾಸನೆ ಬಂದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ. ಪಂಪಿನ ಜೊತೆಗೆ ಆಯಿಲನ್ನೂ ಬದಲಾಯಿಸಿದ ಹೊರತು ಎಂಜಿನ್ನನ್ನು ಚಾಲೂ ಮಾಡಕೂಡದು.

ಈಗಿನ ಪೆಟ್ರೋಲಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಚಾಲನೆ ಕೊಟ್ಟರು. ಈಗ ನಮ್ಮೂರಿನ ಬಂಕುಗಳಲ್ಲಿಯೂ ಅದೇ ದೊರೆಯುವುದು. ಎಥನಾಲೆಂದರೆ ಮದ್ಯಸಾರ. ನಮ್ಮ ಸೀಮೆಗೆ ಮದ್ಯಸಾರದ ಉದ್ಯಮ ಹೊಸತಲ್ಲ. 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಭದ್ರಾವತಿಯ ಕಾರ್ಖಾನೆಯು ಮಲೆನಾಡಿನ ಸೌದೆಯನ್ನು ಭಟ್ಟಿಯಿಳಿಸಿ, ಇದ್ದಿಲಿನ ಜೊತೆಗೆ ಮರದ ಮದ್ಯಸಾರವನ್ನೂ ಪಡೆಯುತ್ತಿತ್ತು. ಅದು ಬೇರೆ ಜಾತಿಯದು, ವಿಷ. ಈಗಿನ ಎಥನಾಲು ಕಬ್ಬು ಧಾನ್ಯಗಳಿಂದ ಬರುವಂಥದು. ಹೊಸ ಗಾಡಿಗಳನ್ನು ಇದಕ್ಕೆ ತಕ್ಕಂತೆಯೇ ಕಟ್ಟುತ್ತಾರೆ. ನಲವತ್ತು ವರ್ಷದ ಹಿಂದಿನ ರಬ್ಬರಿಗೆ ಮಾತ್ರ ಇದರ ಪರಿಚಯವಿಲ್ಲ; ಕೆಲವು ಊದಿಕೊಳ್ಳುವುವು, ಕೆಲವು ಗಡುಸಾಗಿ ಬಿರಿಯುವುವು. ಟ್ಯಾಂಕಿನ ತಳದ ಹಳೆಯ ಗಸಿಯನ್ನು ಎಥನಾಲು ಕರಗಿಸಿ ಎಬ್ಬಿಸುವುದರಿಂದ ಫಿಲ್ಟರು ಬೇಗ ಕಟ್ಟುವುದೂ ಉಂಟು. ಮಳೆಗಾಲದಲ್ಲಿ ನೀರು ಸೇರಿದರೆ ಇನ್ನೊಂದು ತೊಂದರೆ: ಎಥನಾಲು ನೀರಿನ ಕಡೆಗೆ ಹೋಗಿ, ಎರಡೂ ಕೂಡಿ ತಳಕ್ಕೆ ಇಳಿಯುವುವು, ಪಂಪು ಹೀರುವುದು ತಳದಿಂದಲೇ. ಸಂದೇಹವಿದ್ದರೆ ಸ್ವಲ್ಪ ಪೆಟ್ರೋಲನ್ನು ಗಾಜಿನ ಜಾಡಿಯಲ್ಲಿ ಹಿಡಿದು ಅಲುಗದಂತೆ ಇಟ್ಟು ನೋಡಿ. ಎರಡು ಪದರ ಕಂಡರೆ ಟ್ಯಾಂಕನ್ನು ಬರಿದುಮಾಡಿಸಬೇಕು. ಹಳೆಯ ಗಾಡಿಯುಳ್ಳವರು ಎಥನಾಲನ್ನು ತಾಳುವ ಕೊಳವೆಯನ್ನೂ ಪೊರೆಯನ್ನೂ ಕೇಳಿ ಹಾಕಿಸಿಕೊಳ್ಳುವುದು ಲೇಸು. ಇದು ಕೆಟ್ಟ ಮೇಲೆ ಮಾಡುವ ಕೆಲಸವಲ್ಲ.

ಕಾರ್ಬುರೇಟರಿಲ್ಲದ, ಈ ಶತಮಾನದ ಮೊದಲ ವರ್ಷಗಳ ಕಾರುಗಳಿಗೆ ಮೇಲಿನ ಪರೀಕ್ಷೆ ಸಲ್ಲದು. ಅವುಗಳಲ್ಲಿ ವಿದ್ಯುತ್ತಿನ ಪಂಪು ಟ್ಯಾಂಕಿನೊಳಗೇ ಮುಳುಗಿರುವುದು. ಕೊಳವೆಯಲ್ಲಿ ಸುಮಾರು 3 ಬಾರ್ ಒತ್ತಡವಿರುವುದರಿಂದ ಮನೆಯಲ್ಲಿ ಅದನ್ನು ಬಿಚ್ಚುವ ಸಾಹಸ ಬೇಡ. ಆದರೆ ಕಿವಿ ಸಾಕು. ಕೀಲಿಯನ್ನು ಒಂದು ಹಂತ ತಿರುಗಿಸಿದಾಗ ಹಿಂದಿನ ಆಸನದ ಕೆಳಗಿನಿಂದ ಎರಡು ಕ್ಷಣ ಜೇನು ಗುಂಯ್‌ಗುಟ್ಟಿದಂತೆ ಶಬ್ದ ಬರಬೇಕು. ಬಾರದಿದ್ದರೆ ಮೊದಲು ಫ್ಯೂಸನ್ನೂ ರಿಲೇಯನ್ನೂ ನೋಡಿಸಿ. ಕೆಲವು ರೂಪಾಯಿಯ ಫ್ಯೂಸಿನಿಂದ ಸಾವಿರಾರು ರೂಪಾಯಿಯ ಪಂಪು ಅನ್ಯಾಯವಾಗಿ ಮರಣದಂಡನೆಗೆ ಒಳಗಾಗುವುದುಂಟು. ದಾರಿಯಲ್ಲಿ ನಿಂತಾಗ ಟ್ಯಾಂಕಿನ ತಳವನ್ನು ರಬ್ಬರು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಪಂಪು ಎಚ್ಚತ್ತು ಗಾಡಿ ಹೊರಡುವುದೂ ಉಂಟು. ಇದು ಉಪಶಯವೇ ಹೊರತು ಚಿಕಿತ್ಸೆಯಲ್ಲ. ಒಳಗಿನ ಬ್ರಷ್ಷು ಸವೆದಿದೆಯೆಂಬುದಕ್ಕೆ ಬಲವಾದ ಸೂಚನೆ. ಹಾಗೆ ಹೊರಟ ಗಾಡಿಯನ್ನು ನೇರವಾಗಿ ಗ್ಯಾರೇಜಿಗೆ ಒಯ್ಯಬೇಕು, ಮದುವೆಮನೆಗಲ್ಲ. ಈ ಪಂಪಿಗೆ ಸುತ್ತಲಿನ ಪೆಟ್ರೋಲೇ ತಂಪು; ಯಾವಾಗಲೂ ನೂರು ರೂಪಾಯಿಗೆ ಹಾಕಿಸುತ್ತ ಟ್ಯಾಂಕನ್ನು ಬರಿದಾಗಿಯೇ ಓಡಿಸುವ ಮಿತವ್ಯಯಿಗಳು ಅದರ ಆಯುಸ್ಸನ್ನು ಕಳೆಯುತ್ತಿರುವರು.

ಗ್ಯಾರೇಜಿಗೆ ಹೋದಾಗ “ಪಂಪು ನೋಡಪ್ಪಾ” ಎಂದು ಹೇಳಬೇಡಿ; ರೋಗಿಯೇ ರೋಗದ ಹೆಸರು ಹೇಳಿದರೆ ವೈದ್ಯನ ಬುದ್ಧಿ ಅಲ್ಲಿಯೇ ನಿಂತುಬಿಡುವುದು. ಎಷ್ಟು ದೂರ ಓಡಿದ ಮೇಲೆ ನಿಂತಿತು, ಏರಿನಲ್ಲೋ ಸಮದಲ್ಲೋ, ಟ್ಯಾಂಕಿನಲ್ಲಿ ಎಷ್ಟಿತ್ತು, ಏನು ಮಾಡಿದಾಗ ಹೊರಟಿತು, ಅದಕ್ಕೆ ಹಿಂದೆ ಗಾಡಿಯಲ್ಲಿ ಏನನ್ನು ಬದಲಾಯಿಸಿದ್ದಿರಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಸಾಗರ ರಸ್ತೆಯ ಕಡೆ ನಾವು ಬಲ್ಲ ವೃದ್ಧ ಮೆಕ್ಯಾನಿಕ್ಕೊಬ್ಬರು ಇಂಥ ಚೀಟಿಯನ್ನು ಕಂಡರೆ ಬಹಳ ಸಂತೋಷಪಡುವರು. “ಮೇಷ್ಟ್ರೇ, ಅರ್ಧ ಕೆಲಸ ನೀವೇ ಮಾಡಿದಿರಿ” ಎನ್ನುವರು, ಕೂಲಿಯನ್ನು ಮಾತ್ರ ಪೂರ್ತಿ ತೆಗೆದುಕೊಳ್ಳುವರು.

ಕೊನೆಗೆ ಪಂಪನ್ನು ಬದಲಾಯಿಸಲೇಬೇಕಾಗಿ ಬಂದರೆ, ಪಂಪಿಗೂ ಎಂಜಿನ್ನಿಗೂ ನಡುವೆ ಇರುವ ದಪ್ಪನೆಯ ತುಂಡನ್ನೂ ಅದರ ಎರಡು ಬದಿಯ ಪ್ಯಾಕಿಂಗನ್ನೂ ಗಮನಿಸಿ. ಅದು ಎಂಜಿನ್ನಿನ ಕಾವು ಪಂಪಿಗೆ ತಾಗದಂತೆ ತಡೆಯುವುದಲ್ಲದೆ, ಸನ್ನೆಯು ಎಷ್ಟು ಆಡಬೇಕೆಂಬ ಅಳತೆಯನ್ನೂ ಇಡುವುದು. ಪ್ಯಾಕಿಂಗು ದಪ್ಪವಾದರೆ ಸನ್ನೆಗೆ ಉಬ್ಬು ಸರಿಯಾಗಿ ತಗಲದೆ ಹೊಸ ಪಂಪೂ ಬಡಕಲಾಗಿ ತೋರುವುದು. ತುಂಡನ್ನೇ ಬಿಟ್ಟು ಕೂರಿಸಿದರೆ ಸನ್ನೆ ಮುರಿಯಬಹುದು. ಹಳೆಯದು ಎಷ್ಟು ದಪ್ಪವಿತ್ತೋ ಅಷ್ಟೇ ಇರುವಂತೆ ಹಾಕಿಸಿ, ಹಳೆಯ ಪಂಪನ್ನು ಕೇಳಿ ಮನೆಗೆ ತನ್ನಿ. ಅನೇಕ ಹಳೆಯ ಪಂಪುಗಳನ್ನು ಬಿಚ್ಚಿ, ಪೊರೆಯನ್ನೂ ಬಾಗಿಲುಗಳನ್ನೂ ಮಾತ್ರ ಹೊಸದಾಗಿ ಹಾಕಲು ಸಾಧ್ಯ. ಅದಕ್ಕೆ ಬೇಕಾದ ‘ಕಿಟ್’ ಬಿಡಿಭಾಗಗಳ ಅಂಗಡಿಯಲ್ಲಿ ದೊರೆತರೆ, ಮುಂದಿನ ಸಲಕ್ಕೆ ಒಂದು ಪಂಪು ಡಿಕ್ಕಿಯಲ್ಲಿ ಸಿದ್ಧವಾಗಿರುವುದು.